ಬೆರಳಿಗೆ ವರ್ಗವಾಗಿ ಹೋಗುವಂತೆ ಗಾಯದವರಲ್ಲಿ ಒಂದು ಮನವಿ

ಅಕ್ಕಿಕಾಳಿನಷ್ಟೇ ಇದ್ದುಕೊಂಡು ನನ್ನ ನಿದ್ರೆ, ನಡಿಗೆ, ಸಂಸಾರ ಮೂರರ ಅಧ್ಯಕ್ಷಸ್ಥಾನವನ್ನೂ ಅಲಂಕರಿಸಿರುವ, ಗಂಡಸಿನ ಗುಪ್ತಾಂಗದ ತುದಿಚರ್ಮದಲ್ಲಿ ವಾಸವಾಗಿರುವ ಶ್ರೀ ಗಾಯದವರಿಗೆ ಶಿರ್ತಾಡಿಯ ಚಿದಾನಂದನ ನಮಸ್ಕಾರಗಳು.

ಮಾನ್ಯರೇ, ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಮದುವೆ, ಶಾಲಾ ವಾರ್ಷಿಕೋತ್ಸವ, ಸನ್ಮಾನ ಸಭೆ ಎಂದರೆ ಮೈಕ್ ಹಿಡಿದು ನಿರೂಪಣೆ ಮಾಡುವವನು ನಾನು. ಯಾರನ್ನು ಯಾವ ವಿಶೇಷಣ ಹಚ್ಚಿ ವೇದಿಕೆಗೆ ಕರೆಯಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ನಾನು ತಮ್ಮ ಹೆಸರನ್ನು ಮಾತ್ರ ಇಷ್ಟು ಕಾಲ ಬಾಯಿಬಿಟ್ಟು ಹೇಳದೆ ಅಗೌರವ ತೋರಿಸಿದ್ದಕ್ಕೆ ಮೊದಲಾಗಿ ಕ್ಷಮೆ ಕೇಳುತ್ತೇನೆ.

ತಮ್ಮ ಶುಭಾಗಮನ ಅಳದಂಗಡಿ ಕಡೆಯ ಒಂದು ಸಭಾಭವನದ ಶೌಚಾಲಯದಲ್ಲಿ ಆದದ್ದು ತಮಗೂ ನೆನಪುಂಟು. ಧನ್ಯವಾದ ಹೇಳಲಿಕ್ಕೆ ವೇದಿಕೆಯಿಂದ ನನ್ನನ್ನು ಕೂಗುತ್ತಿದ್ದರು, ನಾನು ಗಡಿಬಿಡಿಯಲ್ಲಿ ಪ್ಯಾಂಟಿನ ಜಿಪ್ ಎಳೆದೆ, ಜಿಪ್ ತನಗೆ ವಹಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೆಲಸ ಮಾಡಿತು. ಅಡುಗೆಯವರಿಂದ ಹಿಡಿದು ಶಾಮಿಯಾನದವರ ತನಕ ಎಲ್ಲರಿಗೂ ಕಣ್ಣೀರು ಸುರಿಸುತ್ತಲೇ ಧನ್ಯವಾದ ಅರ್ಪಿಸಿದೆ. ಇಷ್ಟು ಮನಸ್ಸು ತುಂಬಿ ಮಾತಾಡುವವರನ್ನು ನೋಡಿಯೇ ಇಲ್ಲ ಎಂದು ಸಭಿಕರು ಹೊಗಳಿದರು. ಆ ಕೀರ್ತಿ ಪೂರ್ತಿ ತಮ್ಮದು.

ಸಣ್ಣ ಗೀರು, ವಾರದೊಳಗೆ ಹೊರಡುವ ನೆಂಟರು ಎಂದು ನಾನು ತಿಳಿದಿದ್ದೆ. ತಾವಾದರೋ ಒಣಗಿದಂತೆ ಮಾಡುವುದು, ನಾನು ಸಮಾಧಾನಪಟ್ಟ ಮರುದಿನವೇ ಬಿರಿಯುವುದು, ಬೈಕಿನಲ್ಲಿ ಕೂತರೆ ಉರಿಯುವುದು, ಮೂತ್ರಕ್ಕೆ ಹೋದರೆ ಇನ್ನಷ್ಟು ಉರಿಯುವುದು, ಹೀಗೆ ಆತಿಥ್ಯವನ್ನು ಪೂರ್ಣವಾಗಿ ಅನುಭವಿಸಿದಿರಿ. ಮೂಡುಬಿದಿರೆಯಲ್ಲಿ ನನ್ನ ಗುರುತಿಲ್ಲದ ಮೆಡಿಕಲ್ ಇಲ್ಲವೆಂದು ಮುಲಾಮಿಗಾಗಿ ಬಿ.ಸಿ.ರೋಡಿನವರೆಗೆ ಬಸ್ಸಿನಲ್ಲಿ ಹೋದೆ. ಕೌಂಟರಿನಲ್ಲಿದ್ದ ಶಹಲಾ ಎಂಬ ಹುಡುಗಿ ಗಾಯ ಎಲ್ಲಿ ಆದದ್ದು ಎಂದು ಕೇಳಿದಳು, ಪ್ರಶ್ನೆ ನ್ಯಾಯವಾದದ್ದೇ. ಅಷ್ಟರಲ್ಲಿ ಹಿಂದಿನಿಂದ ಯಾರೋ, ಇವರು ನಮ್ಮ ಮೈಕಿನವರಲ್ಲವಾ ಎಂದುಬಿಡಬೇಕೇ! ಸಾವಿರ ಜನರೆದುರು ತಡವರಿಸದ ನಾಲಗೆ ಅಲ್ಲಿ ಅಂಟಿಹೋಯಿತು. ತೋರುಬೆರಳಿಗೆ ಕರ್ಚೀಫು ಸುತ್ತಿ ಎತ್ತಿ ತೋರಿಸಿದೆ.

ಅಂದಿನಿಂದ ತಮ್ಮ ಅಧಿಕೃತ ವಿಳಾಸ ನನ್ನ ಬೆರಳು. ಮೆಡಿಕಲ್‌ನಲ್ಲಿ ಗುರುತು ಹಿಡಿದವರೂ ಅದೇ ಬಸ್ಸಿನಲ್ಲಿ ಬರುತ್ತಿದ್ದುದರಿಂದ ಬಸ್ ಸ್ಟ್ಯಾಂಡಿನಲ್ಲೇ ಬೆರಳಿಗೆ ಬ್ಯಾಂಡೇಜು ಕಟ್ಟಿದೆ, ಕಟ್ಟಿದ ಮೇಲೆ ಮನೆಯಲ್ಲಿ ಬಿಚ್ಚುವಂತಿರಲಿಲ್ಲ. ಹೆಂಡತಿ ನೀಲಾವತಿ ನನಗೆ ನೀರು ಮುಟ್ಟಲು ಬಿಡಲಿಲ್ಲ, ಅರಸಿನ ಅರೆದು ಕೊಟ್ಟಳು. ನೆರೆಮನೆಯ ಪದ್ಮಯ್ಯಣ್ಣ ಬೆಳಿಗ್ಗೆ ಬೆಳಿಗ್ಗೆ, ನಮ್ಮ ಕಡೆ ಗಾಯಕ್ಕೆ ಹಿಂಡುವ ಕಮ್ಯುನಿಸ್ಟ್ ಸೊಪ್ಪು ಎಂಬ ಕಾಡುಸೊಪ್ಪು ಜಜ್ಜಿ ರಸ ತಂದುಕೊಟ್ಟರು. ಬೆರಳಿನ ಹೆಸರಿನಲ್ಲಿ ಬಂದ ಈ ಕಾಣಿಕೆಗಳನ್ನೆಲ್ಲ ನಾನು ಬಚ್ಚಲಿನಲ್ಲಿ ತಮಗೇ ಪ್ರಾಮಾಣಿಕವಾಗಿ ಒಪ್ಪಿಸಿದೆ. ಸೊಪ್ಪಿನ ರಸ ಒಪ್ಪಿಸಿದ ದಿನ ನನ್ನ ಬಾಯಿಯಿಂದ ಹೊರಟ ಸ್ವರ ಕೇಳಿ ನೀಲಾವತಿ ಓಡಿಬಂದು ಬಿದ್ದಿರಾ ಎಂದು ಬಾಗಿಲು ಬಡಿದಳು. ನಾಳೆಯ ಸಭೆಗೆ ಪ್ರಾರ್ಥನೆ ಅಭ್ಯಾಸ ಮಾಡುತ್ತಿದ್ದೇನೆ ಎಂದೆ. ನಾನು ಹೋಗಿ ಬಂದ ಮೇಲೆ ಬಚ್ಚಲಿಗೆ ಇರುವೆ ಹತ್ತುತ್ತದೆ ಎಂದೂ ಅವಳು ಆಗಾಗ ದೂರುತ್ತಿದ್ದಳು, ಇರುವೆ ಪುಡಿ ತಂದು ಹಾಕಿ ಅದನ್ನೂ ಜಾಣತನದಿಂದ ಪರಿಹರಿಸಿದೆ.

ಆದ್ದರಿಂದಲೇ ಮಾನ್ಯರೇ, ತಾವು ದಯಮಾಡಿ ಬೆರಳಿಗೇ ವರ್ಗವಾಗಿ ಹೋಗಬೇಕೆಂದು ಕೈಮುಗಿದು ಕೇಳಿಕೊಂಡೆ. ಅಲ್ಲಿ ಗಾಳಿ ಬೆಳಕು ಉಂಟು, ಬ್ಯಾಂಡೇಜು ಸಿದ್ಧವಿದೆ, ವಿಚಾರಿಸಲು ಊರಿನವರೆಲ್ಲ ಬರುತ್ತಾರೆ. ತಾವು ಒಪ್ಪಲಿಲ್ಲ.

ಕುಚೋದ್ಯ ಬಿಟ್ಟು ಹೇಳುವುದಾದರೆ ನನಗೆ ಹೆದರಿಕೆಯಾಗಿತ್ತು. ಯಾವುದೋ ಕೆಟ್ಟ ಕಾಯಿಲೆ ಎಂಬ ಹೆದರಿಕೆ ಒಂದು, ಕಂಡರೆ ನೀಲಾವತಿ ನನ್ನ ಬಗ್ಗೆ ಏನು ತಿಳಿದುಕೊಳ್ಳುತ್ತಾಳೋ ಎಂಬುದು ಅದಕ್ಕಿಂತ ದೊಡ್ಡದು. ಬೆರಳಿಗೆ ತಾಗುತ್ತದೆ ಎಂದು ಸುಳ್ಳು ಹೇಳಿ ಚಾವಡಿಯಲ್ಲಿ ಮಲಗಲು ತೊಡಗಿದೆ. ಅವಳು ಮೊದಲು ಜಗಳ ಮಾಡಿದಳು, ಆಮೇಲೆ ಮಾತೇ ಬಿಟ್ಟಳು. ಆ ಮೌನದಲ್ಲಿ ಊಟ ಮಾಡುವುದು ತಮ್ಮ ಉರಿಗಿಂತ ಕಷ್ಟವಾಗಿತ್ತು.

ಕೊನೆಗೆ ಅವಳೇ, ಇಷ್ಟು ಸಮಯವಾದರೂ ಬೆರಳು ಗುಣವಾಗುವುದಿಲ್ಲ, ಮೇಲಿಂದ ಇರುವೆ, ಇದು ಶುಗರೇ ಎಂದು ಹಟ ಹಿಡಿದು ನನ್ನನ್ನು ಬೆಳ್ತಂಗಡಿಯ ಡಾಕ್ಟರರಲ್ಲಿಗೆ ಎಳೆದುಕೊಂಡು ಹೋದಳು. ಡಾಕ್ಟರರು ಬ್ಯಾಂಡೇಜು ಕತ್ತರಿಸಿದರು. ಬೆವರಿನಲ್ಲಿ ನೆನೆದು ಬೆಳ್ಳಗಾದ, ಒಂದು ಗೀರೂ ಇಲ್ಲದ ನನ್ನ ಬೆರಳನ್ನು ಮೂವರೂ ನೋಡಿದೆವು. ಬೇರೆ ದಾರಿಯಿಲ್ಲದೆ, ನಿರೂಪಕನಾದ ನಾನು ಯಾರಿಗೂ ಕೇಳದಷ್ಟು ಸಣ್ಣ ಸ್ವರದಲ್ಲಿ ತಮ್ಮನ್ನು ಸಭೆಗೆ ಪರಿಚಯಿಸಿದೆ.

ಪರದೆಯ ಹಿಂದೆ ತಮ್ಮನ್ನು ನೋಡಿ, ರಕ್ತ ಪರೀಕ್ಷಿಸಿ ಡಾಕ್ಟರರು ಹೇಳಿದ್ದಿಷ್ಟೇ: ಶುಗರ್ ಜೋರಾಗಿದೆ, ಅದಕ್ಕೇ ಗಾಯ ಆರುವುದಿಲ್ಲ, ಅದರ ಮೇಲೆ ಫಂಗಸ್ ಬೇರೆ ಬಂದು ಕೂತಿದೆ, ಸೊಪ್ಪಿನ ರಸ ದಯವಿಟ್ಟು ನಿಲ್ಲಿಸಿ, ಇನ್ನೂ ತಡಮಾಡಿದ್ದರೆ ಕಣ್ಣು ಕಿಡ್ನಿಗೂ ತೊಂದರೆಯಾಗುತ್ತಿತ್ತು. ಸುಳ್ಳು ಗಾಯ ನೋಡಿ ನಿಜವಾದ ರೋಗವನ್ನು ಪತ್ತೆಹಚ್ಚಿದ ನನ್ನ ಹೆಂಡತಿ ಹೊರಗೆ ಬಂದ ಮೇಲೆ ನನ್ನ ಮುಖ ನೋಡಿ, ಇದನ್ನು ನನಗೆ ಹೇಳಲಿಕ್ಕೂ ನಿಮಗೆ ಮೈಕ್ ಬೇಕಿತ್ತಾ ಮಾರಾಯ್ರೆ ಎಂದು ಕೇಳಿದಳು, ಮತ್ತೆ ಬಸ್ ಸ್ಟ್ಯಾಂಡಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ಮಾತ್ರೆ ಉಂಟು, ಸರಿಯಾದ ಮುಲಾಮು ಉಂಟು, ಪಾಯಸಕ್ಕೆ ರಜೆ ಉಂಟು, ನನ್ನ ಚಾವಡಿ ವಾಸವೂ ಮುಗಿಯಿತು. ತಾವೂ ಗಂಟುಮೂಟೆ ಕಟ್ಟುತ್ತಿರುವಂತೆ ಕಾಣುತ್ತದೆ. ತಾವು ಸಲ್ಲಿಸಿದ ಸೇವೆಗೆ ಶಾಲು ಹೊದೆಸಿ ಸನ್ಮಾನಿಸಬೇಕಿತ್ತು; ಆ ಜಾಗಕ್ಕೆ ಗಾಳಿಯಾಡಬೇಕೆಂದು ಡಾಕ್ಟರರು ಹೇಳಿದ್ದರಿಂದ ಶಾಲು ಕೈಬಿಟ್ಟಿದ್ದೇನೆ.

ತಮ್ಮನ್ನು ಬೆರಳತುದಿಗೆ ಏರಿಸಿ ಊರಿಡೀ ಮೆರೆಸಿದ,
ತಮ್ಮ ವಿಶ್ವಾಸಿ, ಇನ್ನು ಮುಂದೆ ಅಲ್ಲ,
ಚಿದಾನಂದ, ಶಿರ್ತಾಡಿ

ತಾ.ಕ.: ತನ್ನ ಸೊಪ್ಪಿನ ರಸದಿಂದಲೇ ಬೆರಳು ಗುಣವಾಯಿತೆಂದು ಪದ್ಮಯ್ಯಣ್ಣ ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ, ನಾನೂ ಸುಮ್ಮನಿದ್ದೆ. ಆದರೆ ಮೊನ್ನೆ ಬಿ.ಸಿ.ರೋಡಿನ ಅದೇ ಮೆಡಿಕಲ್‌ನಲ್ಲಿ ಮಾತ್ರೆಗೆ ನಿಂತಿದ್ದಾಗ, ನನ್ನ ಮುಂದಿದ್ದ ಗೃಹಸ್ಥರೊಬ್ಬರು ಮುಲಾಮು ಕೇಳಿದರು. ಗಾಯ ಎಲ್ಲಿ ಎಂದಳು ಶಹಲಾ. ಅವರು ಹಿಂದೆ ತಿರುಗಿ ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ಕರ್ಚೀಫು ಸುತ್ತಿದ ಬೆರಳೊಂದನ್ನು ಮೆಲ್ಲಗೆ ಮೇಲೆತ್ತಿದರು. ಈ ಪತ್ರವನ್ನು ಬಹಿರಂಗ ಮಾಡುವುದೆಂದು ನಿಶ್ಚಯಿಸಿದ್ದು ಆಗಲೇ.