ನಾನು ಮುಳುಗಿಸಿದ ಕುಮಟಾ

ಗೆರೆ ಎಳೆಯುವುದರಲ್ಲಿ ನನ್ನನ್ನು ಮೀರಿಸುವವರು ಮುಂಬೈಯ ಈ ಆಂಟಾಪ್ ಹಿಲ್‌ನಲ್ಲೇ ಇಲ್ಲ. ಇದು ಜಂಬವಲ್ಲ, ವೃತ್ತಿ! ಇಪ್ಪತ್ತು ವರ್ಷಗಳಿಂದ ದಾದರ್‌ನ ಆಫೀಸೊಂದರಲ್ಲಿ ಫ್ಲ್ಯಾಟುಗಳ ನಕ್ಷೆ ಬರೆಯುತ್ತಿದ್ದೇನೆ. ಆದ್ದರಿಂದ ಮಗಳು ಇಶಾಳ ಶಾಲೆಯ ‘ಅಜ್ಜಿಯರ ದಿನ’ಕ್ಕೆ ಕರ್ನಾಟಕದ ನಕ್ಷೆ ಬೇಕೆಂದಾಗ ಆ ಗುರುತರ ಹೊಣೆಯನ್ನು ನಾನೇ ವಹಿಸಿಕೊಂಡೆ.

ಇಶಾ ವೇದಿಕೆಯಲ್ಲಿ ಅಜ್ಜಿಯ ಊರಿಗೆ ಬಾವುಟ ಚುಚ್ಚಿ, ಕನ್ನಡದಲ್ಲಿ ನಾಲ್ಕು ಮಾತು ಹೇಳಬೇಕಿತ್ತು. ಕನಸಿನಲ್ಲೂ ಹಿಂದಿ ಬಡಬಡಿಸುವ ಹುಡುಗಿ ವಾರವಿಡೀ ಬಾಯಿಪಾಠ ಮಾಡಿದ್ದಳು. ಅದನ್ನು ಕೇಳಲೆಂದೇ ನನ್ನ ಅತ್ತೆ ಕುಮಟಾದಿಂದ ರೈಲು ಹತ್ತಿ ಬಂದಿದ್ದರು.

ಭಾನುವಾರ ಥರ್ಮಾಕೋಲ್ ಹಿಡಿದು ಕೂತೆ. ಇಶಾ ಅಟ್ಲಾಸ್ ತಿರುವುತ್ತಿದ್ದಳು.

“ಪಪ್ಪಾ, ಅಮೆರಿಕದ್ದು ಸ್ಟೇಟ್ ಬಾರ್ಡರ್ ಇಷ್ಟು ಸೀಧಾ ಯಾಕೆ?”

“ದೂರದಲ್ಲಿ ಕೂತವರು ಸ್ಕೇಲಿಟ್ಟು ಎಳೆದದ್ದು, ಪುಟ್ಟಿ. ನದಿ, ಬೆಟ್ಟ ಹುಡುಕೋ ರಗಳೆ ಇಲ್ಲ. ಅಕ್ಷಾಂಶ, ರೇಖಾಂಶ ಹಿಡಿದ್ರೆ ಮುಗೀತು.”

“ಲೇಕಿನ್ ಅಲ್ಲಿ ಜನ ಇರ್ಲಿಲ್ವಾ?”

“ಇದ್ರು. ಅವರನ್ನ ಯಾರು ಕೇಳ್ತಾರೆ!”

ಉತ್ತರ ನನಗೇ ಬಹಳ ಹಿಡಿಸಿತು. ಆಮೇಲೆ ಕರ್ನಾಟಕದ ಗಡಿ ನೋಡಿದೆ. ಅಯ್ಯೋ, ಎಷ್ಟು ಡೊಂಕು! ಇಂಥ ಗೋಡೆ ಬರೆದರೆ ನಮ್ಮ ಸಾಹೇಬರು ನನ್ನನ್ನು ಮನೆಗೆ ಕಳಿಸುತ್ತಾರೆ. ಮಂಗಳೂರಿಗೆ ಸ್ಕೇಲಿಟ್ಟು ನೆಟ್ಟಗೆ ಮೇಲಕ್ಕೆ ಒಂದು ಗೆರೆ ಎಳೆದೆ. ನೆತ್ತಿಯ ಮೇಲೆ ಜುಟ್ಟಿನಂತೆ ಎದ್ದಿದ್ದ ಭಾಗಕ್ಕೆ ಕತ್ತರಿ ಹಾಕಿದೆ. ಗೆರೆಯ ಆಚೆಗೆಲ್ಲ ಸಮುದ್ರದ ನೀಲಿ ಬಳಿದೆ.

“ಅಮ್ಮನಿಗೆ ಒಂದ್ಸಲ ತೋರ್ಸಿ,” ಎಂದಳು ಹೆಂಡತಿ ಸುಧಾ, ಅಡುಗೆಮನೆಯಿಂದ.

“ಅತ್ತೆಯವರಿಗೆ ಭೂಗೋಳದ ತೊಂದರೆ ಯಾಕೆ?” ಎಂದೆ.

ಶಾಲೆಯ ಗೇಟಿನಲ್ಲೇ ವಾಚ್‌ಮನ್ ತಡೆದ. “ಸಾಹೇಬ್ರ, ನಮ್ ಬೀದರ ಎಲ್ಲಿ ಹೋತ್ರೀ?” ಜುಟ್ಟು ನೆನಪಾಯಿತು! ನಕ್ಷೆಯನ್ನು ಕಂಕುಳಲ್ಲಿ ಅವುಚಿಕೊಂಡು ಒಳಗೆ ಓಡಿದೆ.

ವೇದಿಕೆಯಲ್ಲಿ ಇಶಾ ಬಾವುಟ ಎತ್ತಿದಳು. “ನನ್ನ ಅಜ್ಜಿಯ ಊರು...” ಬೆರಳು ಹುಡುಕಿತು. ನೀಲಿ. ಮತ್ತೆ ಹುಡುಕಿತು. ಮತ್ತೂ ನೀಲಿ! ಮೈಕಿನಲ್ಲೇ ಕೇಳಿದಳು, “ಪಪ್ಪಾ, ಕುಮಟಾ ಕಹಾಂ ಹೈ?”

ಪಕ್ಕದಲ್ಲಿದ್ದ ಅತ್ತೆ ಕನ್ನಡಕ ಏರಿಸಿ ನೋಡಿದರು.

“ಅಯ್ಯಯ್ಯೋ! ಮನೆ, ಬಾವಿ, ಅಂಗಳ ಎಲ್ಲಾ ನೀರುಪಾಲು! ಅಳಿಯಂದಿರೇ, ಗೆರೆ ಎಳೆಯೋ ಮುಂಚೆ ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

ಸಭೆ ಗೊಳ್ಳೆಂದಿತು. ಇಶಾಳ ಕಣ್ಣು ತುಂಬಿತ್ತು. ವಾರದ ಬಾಯಿಪಾಠ ಅಲ್ಲಿಗೇ ನಿಂತಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅತ್ತೆ ದಡದಡನೆ ವೇದಿಕೆ ಹತ್ತಿ, ಬಾವುಟ ಕಸಿದು ತಮ್ಮ ತುರುಬಿಗೇ ಚುಚ್ಚಿಕೊಂಡರು!

“ಊರು ಇಲ್ಲೇ ಅದೆ. ಹೇಳು ಮಗಾ.”

ಇಶಾ ನಾಲ್ಕು ಮಾತನ್ನೂ ಎಡವದೆ ಹೇಳಿದಳು. ಚಪ್ಪಾಳೆಯೋ ಚಪ್ಪಾಳೆ! ನಾನೂ ತಟ್ಟಿದೆ. ಸುಧಾ ನನ್ನತ್ತ ನೋಡಿದಳು. ನಿಲ್ಲಿಸಿದೆ.

ಮನೆಗೆ ಬಂದವಳೇ ಸುಧಾ ನನ್ನ ಸ್ಕೇಲು ಎತ್ತಿಕೊಂಡು, ಸೀಮೆಸುಣ್ಣದಿಂದ ಹಾಲಿನ ನೆಲದ ಮೇಲೆ ಗೆರೆ ಎಳೆದಳು. ಈಚೆಗೆ ಸೋಫಾ, ಫ್ಯಾನು, ಟಿವಿ, ಅತ್ತೆ, ಇಶಾ. ಆಚೆಗೆ ವಾಷಿಂಗ್ ಮಷೀನು ಮತ್ತು ನಾನು.

ಅನುಭವಸ್ಥನಾಗಿ ಹೇಳುತ್ತೇನೆ, ಗೆರೆ ಬಹಳ ನೇರವಾಗಿತ್ತು. ಎಳೆಯುವ ಮುಂಚೆ ನನ್ನನ್ನು ಯಾರೂ ಕೇಳಲಿಲ್ಲ.