ಮಾವನ ಫ್ರೇಮಿಗೆ ಐವತ್ತೇ ಜನ

ಕಟ್ಟಿದ ತಾಳಿಯನ್ನು ಬಿಚ್ಚಿ ಇನ್ನೊಂದು ಸಲ ಕಟ್ಟು ಎಂದು ಮದುಮಗನಿಗೆ ಹೇಳುವ ಎದೆಗಾರಿಕೆ ಯಾರಿಗಿದೆ? ನಮ್ಮ ಮಾವನಿಗಿದೆ! ಮೊದಲ ಸಲ ಕಟ್ಟುವಾಗ ಯಾರೋ ಅಜ್ಜಿಯ ತಲೆ ಅಡ್ಡ ಬಂದಿತ್ತಂತೆ. ಆ ಪಾಪದ ಹುಡುಗ ಗಂಟಿಗೆ ಕೈ ಹಾಕಿಯೂ ಬಿಟ್ಟಿದ್ದ. ಅಷ್ಟರಲ್ಲಿ ಹೆಣ್ಣಿನ ಕಡೆಯವರು ಓಡಿ ಬಂದು ಮಾವನನ್ನು ಬಿಟ್ಟು ಅವನ ಟ್ರೈಪಾಡನ್ನು ಮಾತ್ರ ಮುರಿದರು. ಅದು ಅವನ ಪುಣ್ಯ.

ಮಾವ ಅಂದರೆ ನಮ್ಮಮ್ಮನ ಕೊನೆಯ ತಮ್ಮ. ನನಗಿಂತ ಹನ್ನೆರಡೇ ವರ್ಷ ದೊಡ್ಡವನು, ಹಾಗಾಗಿ ಈ ಏಕವಚನ. ಗುಬ್ಬಿಯಲ್ಲಿ ಸ್ಟುಡಿಯೊ ಇಟ್ಟುಕೊಂಡು ಸುತ್ತಮುತ್ತಲಿನ ಮದುವೆಗಳನ್ನೆಲ್ಲ ಹಿಡಿದಿಟ್ಟಿದ್ದಾನೆ. ಪುರೋಹಿತರಿಗೆ ಮಂತ್ರ ಹೇಗೋ, ಇವನಿಗೆ ಒಂದೇ ಘೋಷಣೆ: "ಫ್ರೇಮಿಗ್ ಅಡ್ಡ ಬರ್ಬ್ಯಾಡಿ, ಸೈಡಿಗ್ ಬನ್ನಿ!"

ಇಂಥವನ ಕೈಗೆ ನನ್ನ ತಂಗಿ ತನ್ನ ಮದುವೆಯನ್ನು ಪೂರಾ ಒಪ್ಪಿಸಿದಳು. ಅವಳದು ಒಂದೇ ಹಟ. ಅಪ್ಪ ಇಲ್ಲ, ಧಾರೆಯನ್ನು ಅಮ್ಮನೇ ಎರೆಯಬೇಕು. ಹತ್ತು ವರ್ಷದ ಹಿಂದೆ ತುಮಕೂರಿನ ದೊಡ್ಡ ಛತ್ರದಲ್ಲಿ ನನ್ನ ಮದುವೆಯಾದಾಗ ಧಾರೆ ಎರೆದದ್ದು ಚಿಕ್ಕಪ್ಪ, ಚಿಕ್ಕಮ್ಮ. ಅಮ್ಮ ಕಂಬದ ಹಿಂದಿದ್ದಳು. ನಾನು ಆಗ ಬಾಯಿ ಬಿಡಲಿಲ್ಲ, ಆ ನಾಚಿಕೆ ನನಗೆ ಇವತ್ತಿಗೂ ಇದೆ. ತಂಗಿ ನನ್ನ ಹಾಗಲ್ಲ.

"ಅಮ್ಮ ಎರೆದ್ರೆ ಮದ್ವೆ. ಇಲ್ಲಾಂದ್ರೆ ರಿಜಿಸ್ಟರ್ ಆಫೀಸು" ಎಂದಳು.

"ನೋಡ್ದೋರು ಏನಂತಾರೆ ಕಣೇ?" ಎಂದಳು ಅಮ್ಮ.

"ನೋಡೋರ್ನೇ ಕಮ್ಮಿ ಮಾಡಿದ್ರಾಯ್ತು ಬುಡಕ್ಕ. ಐವತ್ತೇ ಜನ!" ಎಂದ ಮಾವ.

ಐವತ್ತು! ನಮ್ಮ ಕಡೆ ಐವತ್ತು ಜನ ಬರೀ ಬಾಳೆ ಎಲೆ ತೊಳೆಯುವುದಕ್ಕೇ ಬೇಕು.

ಜಾಗವನ್ನೂ ಮಾವನೇ ಹುಡುಕಿದ. ಅಮೃತೂರಿನ ಹತ್ತಿರ ಸ್ನೇಹಿತನೊಬ್ಬನ ದ್ರಾಕ್ಷಿ ತೋಟ. ಹಣ್ಣೆಲ್ಲ ವೈನ್ ಫ್ಯಾಕ್ಟರಿಗೆ ಹೋಗುತ್ತದೆ ಎಂದು ಗೊತ್ತಾದಾಗ ನೆಂಟರು ಕಿವಿ ಮುಚ್ಚಿಕೊಂಡರು. ಯಡಿಯೂರು ಸಿದ್ಧಲಿಂಗೇಶ್ವರನ ಒಕ್ಕಲು, ವೈನಿನ ತೋಟದಲ್ಲಿ ಮದುವೆಯೇ? ಮಾವ ಜಗ್ಗಲಿಲ್ಲ. "ಫ್ಯಾಕ್ಟ್ರಿಗೋದ್ರೆ ವೈನು. ಬಳ್ಳೀಲಿರೋಗಂಟ ದೇವ್ರಿಗ್ ಇಡೋ ಹಣ್ಣು" ಎಂದ.

ಶಿವರಾತ್ರಿ ಹೊತ್ತಿಗೆ ಅವನು ತೋಟ ನೋಡಿದಾಗ ಗೊಂಚಲುಗಳು ತಲೆಗೆ ತಾಗುವಂತೆ ಜೋತಾಡುತ್ತಿದ್ದವಂತೆ. ಮುಹೂರ್ತ ಬಂದದ್ದು ಮೇ ತಿಂಗಳ ಕೊನೆಗೆ. ಅಷ್ಟರಲ್ಲಿ ಹಣ್ಣು ಕೊಯ್ದು, ಬಳ್ಳಿ ಸವರಿ, ಹೊಸ ಎಲೆ ಬಂದಾಗಿತ್ತು. ಒಂದೇ ಒಂದು ಕಾಯಿ ಇರಲಿಲ್ಲ! ಮದುವೆಯ ಬೆಳಿಗ್ಗೆ ನಾವು ಹೋಗಿ ನೋಡಿದರೆ ಮಾವ ಏಣಿ ಹತ್ತಿ, ತುಮಕೂರಿನ ಮಾರ್ಕೆಟ್ಟಿನಿಂದ ತಂದ ಹಸಿರು ಗೊಂಚಲುಗಳನ್ನು ಹೂ ಕಟ್ಟುವ ದಾರದಲ್ಲಿ ಬಳ್ಳಿಗೆ ಬಿಗಿಯುತ್ತಿದ್ದ. ತೋಟದ ಯಜಮಾನ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ.

"ನಂದು ಕರೀ ದ್ರಾಕ್ಷಿ ಕಣಪ್ಪಾ!"

"ಬ್ಲಾಕ್ ಅಂಡ್ ವೈಟಲ್ಲಿ ತೆಗೀತೀನಿ ಬುಡು" ಎಂದ ಮಾವ, ಏಣಿಯಿಂದ ಇಳಿಯದೆ.

ಹುಡುಗ ಹುಡುಗಿ ಗ್ಲಾಸಿಗೆ ಗ್ಲಾಸು ತಾಗಿಸುವ ಫೋಟೊ ಕೂಡ ಮಾವನಿಗೆ ಬೇಕಂತೆ, ಮೊಬೈಲಿನಲ್ಲಿ ನೋಡಿದ್ದನಂತೆ. ವೈನಿನ ಬದಲು ಬೆಲ್ಲದ ಪಾನಕ ತುಂಬಿಸಿದ. ಮದುವೆ ಮಾಡಿಸಲು ಬಂದಿದ್ದ ನಮ್ಮ ಅಯ್ಯನವರು ಗ್ಲಾಸುಗಳನ್ನು ಬಹಳ ಹೊತ್ತು ದಿಟ್ಟಿಸಿ, "ವೈನ್ ಥರ ಏನೂ ಕಾಣಲ್ಲ ಬುಡಪ್ಪ, ಥೇಟ್ ಬ್ರಾಂದಿ ಥರ ಕಾಣ್ತದೆ" ಎಂದು ಸಮಾಧಾನ ಹೇಳಿದರು.

ಆದರೆ ಇವೆಲ್ಲಕ್ಕಿಂತ ದೊಡ್ಡ ರಾಮಾಯಣ ಆ ಐವತ್ತು ಜನರ ಪಟ್ಟಿಯದು. ಮದುವೆಗೆ ತಿಂಗಳು ಮುಂಚೆ ಮಾವ ಇಯರ್‌ಫೋನ್ ಸಿಕ್ಕಿಸಿಕೊಂಡು, ತಾನೇ ತೆಗೆದಿದ್ದ ನನ್ನ ಮದುವೆಯ ನಾಲ್ಕು ಗಂಟೆಯ ವಿಡಿಯೊವನ್ನು ಹಿಂದೆ ಮುಂದೆ ಓಡಿಸಿ ನೋಡುತ್ತ ಕೂತ. ನನ್ನ ಗಂಡನೇ ಅದನ್ನು ಪೂರ್ತಿ ನೋಡಿಲ್ಲ! ನೋಡುವುದು, ನಿಲ್ಲಿಸುವುದು, ಕೆಂಪು ಪೆನ್ನಿನಲ್ಲಿ ಒಂದು ಹೆಸರು ಹೊಡೆಯುವುದು.

"ಚೇಳೂರಿನ ದೊಡ್ಡಮ್ಮನ್ನ ಯಾಕ್ ಬುಟ್ಟೆ ಮಾವ?"

"ಲೈಟಿಂಗ್‌ಗೆ ಹೊಂದಲ್ಲ."

"ಚಿಕ್ಕಪ್ಪ, ಚಿಕ್ಕಮ್ಮ?"

"ಫ್ರೇಮಲ್ಲಿ ಜಾಗ ಇಲ್ಲ ಕಣವ್ವ."

ಸ್ವಂತ ಚಿಕ್ಕಪ್ಪನಿಗೆ ಜಾಗವಿಲ್ಲ, ಸ್ಟುಡಿಯೊ ಪಕ್ಕದ ಹೂವಿನವಳಿಗೆ ಮೊದಲ ಸಾಲು! ತಲೆ ಕೆಟ್ಟಿದೆ ಎಂದೇ ಎಲ್ಲರೂ ತೀರ್ಮಾನಿಸಿದೆವು. ಅದರಲ್ಲೂ ನಲವತ್ತೊಂಬತ್ತು ಹೆಸರು ಬರೆದು ಐವತ್ತನೆಯದನ್ನು ಖಾಲಿ ಬಿಟ್ಟಿದ್ದ. ಆ ಒಂದು ಸೀಟಿಗೆ ಎಂಎಲ್‌ಎ ಟಿಕೆಟ್ಟಿಗಿಂತ ಹೆಚ್ಚು ಲಾಬಿ ನಡೆಯಿತು. ಕುಣಿಗಲ್ಲಿನ ಭಾವನೊಬ್ಬ ಹಲಸಿನ ಹಣ್ಣು ಹೊತ್ತುಕೊಂಡು ಬಂದಿದ್ದ. ಮಾವ ಹಣ್ಣು ತಿಂದು, "ಆ ಜಾಗ ಅಕ್ಕಂದು. ಅವಳು ಯಾರ್ ಹೆಸ್ರು ಬರೀತಾಳೋ ಅವ್ರಿಗೆ" ಎಂದು ಕೈ ತೊಳೆದುಕೊಂಡ.

ಮುಹೂರ್ತ ಬಂತು. ಅಯ್ಯನವರು ಧಾರೆಗೆ ಕರೆದರು. ಅಮ್ಮ ಎಲ್ಲಿ? ಅಭ್ಯಾಸಬಲ ನೋಡಿ, ದ್ರಾಕ್ಷಿ ಚಪ್ಪರದ ಕಲ್ಲುಕಂಬದ ಹಿಂದೆ ಸೆರಗು ಹಿಡಿದು ನಿಂತಿದ್ದಳು. ಅಡ್ಡ ಬರಬೇಡಿ ಎಂದು ಜೀವಮಾನವೆಲ್ಲ ಕೂಗಿದ ಮಾವ ಕ್ಯಾಮೆರಾ ಇಳಿಸಿ ಕೂಗಿದ:

"ಅಕ್ಕಾ, ಮುಂದಕ್ ಬಾ! ಹತ್ತು ವರ್ಷ ನಿಂತಿದ್ದು ಸಾಕು. ಇಲ್ಲಿ ನಿನ್ನ ಹಿಂದಕ್ ಸರಿ ಅನ್ನೋರು ಯಾರೂ ಇಲ್ಲ. ಒಬ್ಬೊಬ್ರುನ್ನೂ ನೋಡೇ ಕರ್ದಿದೀನಿ."

ಆಗ ನನಗೆ ಪಟ್ಟಿಯ ಗುಟ್ಟು ಹೊಳೆಯಿತು. ನನ್ನ ಮದುವೆಯ ವಿಡಿಯೊದಲ್ಲಿ ಅಮ್ಮನಿಗೆ ಹಿಂದಕ್ಕೆ ಹೋಗು ಎಂದವರ ಹೆಸರಿಗೆಲ್ಲ ಕೆಂಪು ಗೀಟು ಬಿದ್ದಿತ್ತು. ಅಮ್ಮ ಬಂದಳು. ಹುಡುಗ ಹುಡುಗಿಯ ಕೈ ಮೇಲೆ ನೀರು ಬಿಟ್ಟಳು. ಹೂವಿನವಳು ಎಲ್ಲರಿಗಿಂತ ಜೋರಾಗಿ ಅತ್ತಳು.

ಊಟವಾದ ಮೇಲೆ ಅಮ್ಮನನ್ನು ಕೇಳಿದೆ: "ಆ ಐವತ್ತನೇ ಸೀಟು ಯಾರಿಗ್ ಕೊಟ್ಟೆ?"

ಅಮ್ಮ ಪರ್ಸಿನಿಂದ ಮಡಿಚಿದ ಪಟ್ಟಿ ತೆಗೆದು ಕೊಟ್ಟಳು. ಕೆಂಪು ಗೀಟು ಬಿದ್ದ ಹೆಸರುಗಳಲ್ಲಿ ಎಲ್ಲಕ್ಕಿಂತ ಮೇಲಿನದು ಮಾವನದೇ. ಅವನದೇ ಕೈಬರಹ. "ಯಾಕಮ್ಮ?" ಎಂದೆ.

"ವಿಡಿಯೊದಲ್ಲಿ ಮೊದ್ಲು ಕೇಳೋದು ಅವನ ದನೀನೇ ಅಂತೆ. 'ಅಕ್ಕಾ, ಫ್ರೇಮಿಗ್ ಅಡ್ಡ ಬರ್ತಿದೀಯ, ಕಂಬದ್ ಹಿಂದಕ್ ಸರಿ' ಅಂದಿದ್ನಂತೆ. ನಂಗೆ ನೆನಪೂ ಇಲ್ಲ. ನನ್ ಮುಂದೆ ಕೂತು ಅತ್ತ ಕಣೇ. ಬೇರೆ ಫೋಟೊದವ್ರನ್ನ ಗೊತ್ತು ಮಾಡ್ತೀನಿ, ನಾನ್ ಬರಲ್ಲ ಅಂದ."

ಪಟ್ಟಿಯ ಕೊನೆಯಲ್ಲಿ ಐವತ್ತನೆಯ ಸಾಲು. ಅಲ್ಲಿ ಅಮ್ಮನ ದಪ್ಪ ಅಕ್ಷರದಲ್ಲಿ "ನನ್ನ ತಮ್ಮ" ಎಂದು ಬರೆದಿತ್ತು.