ಹಲ್ಲಿನ ವಾರಸುದಾರ

ಹುಮನಾಬಾದ್ ರಸ್ತೆಯ ವಿಶ್ವವಿದ್ಯಾಲಯ ಕೇಂದ್ರದಲ್ಲಿ ಕಳೆದುಹೋದ ಸಾಮಾನುಗಳಿಗೆಲ್ಲ ಗುಮಾಸ್ತ ಗುರುಶಾಂತನೇ ಬಾದಶಹ. ನಿಯಮ ಬರೆದವನೂ ಅವನೇ: ಅರ್ಜಿ ಮೂರು ಪ್ರತಿ, ಸಾಕ್ಷಿ ಇಬ್ಬರು, ಸಾಮಾನನ್ನು ಎಲ್ಲರೆದುರು ಬಳಸಿ ತೋರಿಸಬೇಕು, ಸುಳ್ಳು ವಾರಸುದಾರ ನೌಕರನಾದರೆ ಅಮಾನತು. ಮೊನ್ನೆ ಮಂಠಾಳದ ಕಾಜಲ ಎಂಬ ವಿದ್ಯಾರ್ಥಿನಿ ಸಿಕ್ಕ ಒಂಟಿ ಚಪ್ಪಲಿ ತನ್ನದೆಂದು ತೋರಿಸಲು ಅದನ್ನು ಮೆಟ್ಟಿ ವರಾಂಡದ ತುಂಬ ಕುಂಟಿದ್ದಳು.

ಇವತ್ತು ರೊಟ್ಟಿ ಉಂಡು, ಖುರ್ಚಿಯಲ್ಲೇ ತೂಕಡಿಸಿ ಎದ್ದರೆ ಗುರುಶಾಂತನ ಬಾಯಲ್ಲಿ ಹಲ್ಲಿನ ಸೆಟ್ಟೇ ಇಲ್ಲ! ಉಂಡ ಮೇಲೆ ಅದನ್ನು ಕದ್ದು ತೊಳೆಯುವುದು ಅವನ ರೂಢಿ. ಕಟ್ಟಿಸಿದ ಹಲ್ಲೆಂದು ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. "ಕಬ್ಬ ಹಲ್ಲಿಲೇ ಸಿಗೀತೀನ್ರಿ" ಎಂದು ಬಡಾಯಿ ಕೊಚ್ಚಿದವನು.

ಜವಾನ ಪಂಡರಿ ಲಕೋಟೆ ಹಿಡಿದು ಬಂದ. "ಸಾಹೇಬ್ರ, ಕೈ ತೊಳಿಯೋ ಕಡಿ ಹಲ್ಲಿನ ಸೆಟ್ ಸಿಕ್ಕಾದ್ರಿ. ಅನುರಾಧಾ ಮೇಡಂ ರಜಿಸ್ಟರ್‌ದಾಗ ಬರ್ದು ಸೀಲ್ ಹಾಕ್ಯಾರ. ಯಾಕ್ರಿ, ಬಾಯಿ ಮುಚ್ಕೊಳ್ಳಾಕತ್ತೀರಿ?"

ಗುರುಶಾಂತ ಕೈ ಚಾಚಿದ. ಪಂಡರಿ ಲಕೋಟೆಯನ್ನು ಬೆನ್ನ ಹಿಂದೆ ಸರಿಸಿದ. "ಅರ್ಜಿ ಇಲ್ದೆ ನಿಮ್ಮಪ್ಪಗೂ ಕೊಡಬ್ಯಾಡ ಅಂದವರು ನೀವೇ."

ಅಷ್ಟರಲ್ಲಿ ನಿರ್ದೇಶಕರ ಚೀಟಿ ಬಂತು: 'ನಾಲ್ಕಕ್ಕೆ ತಪಾಸಣಾ ಸಮಿತಿ. ನನಗೆ ಮೌನವ್ರತ. ಸ್ವಾಗತ ಭಾಷಣ ನಿಮ್ಮದು. ತಪ್ಪಿದರೆ ಬಡ್ತಿ ಮರೆಯಿರಿ.' ನಿರ್ದೇಶಕರು ಶರಣರ ಕಲ್ಯಾಣದವರು, ಭಕ್ತಿ ಯಾವಾಗ ಉಕ್ಕುವುದೋ ಹೇಳಲಾಗದು.

ಮಾನಕ್ಕೂ ಬಡ್ತಿಗೂ ಕುಸ್ತಿ ನಡೆದು ಬಡ್ತಿ ಗೆದ್ದಿತು. ಗುರುಶಾಂತ ಅರ್ಜಿ ಬರೆದ, ಮೂರು ಪ್ರತಿ. ಸುದ್ದಿ ತಿಳಿದು ಬಾಗಿಲಲ್ಲಿ ಜಾತ್ರೆ ನೆರೆಯಿತು. ಮುಂದೆ ಕಾಜಲ, ಕೈಯಲ್ಲಿ ಮೊಬೈಲು.

"ಕಬ್ಬ ಸಿಗಿದಿದ್ದು ಇವೇ ಏನ್ರಿ, ಅಣ್ಣಾರ?" ಎಂದಳು ಸಹೋದ್ಯೋಗಿ ಅನುರಾಧಾ, ಸಾಕ್ಷಿಯ ಸಹಿ ಹಾಕುತ್ತ.

"ಹಾಕ್ಕೊಂಡು ತೋರಿಸ್ರಿ ಸರ್, ನಿಯಮ!" ಎಂದಳು ಕಾಜಲ.

ಹಾಕಿಕೊಂಡ. ಗುಬ್ಬಿಗೂಡಿಗೆ ಕೋಟೆಬಾಗಿಲು ಕೂಡಿಸಿದಂತಾಯಿತು, ತುಟಿ ಮುಚ್ಚಲೊಲ್ಲದು. ಗದ್ದಲಕ್ಕೆ ನಿರ್ದೇಶಕರು ಬಂದರು. ನೋಡಿದರು. ವ್ರತ ಮುರಿಯಿತು.

"ಅವು ನನ್ನವು!"

ತೆರೆದ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಅವರನ್ನು ಅರ್ಜಿ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸೆಟ್ಟನ್ನು ತೊಳೆದು, ತೊಟ್ಟು, ಸ್ಪಷ್ಟ ಉಚ್ಚಾರದಲ್ಲಿ ಆಡಿದ ಮೊದಲ ಮಾತು: "ಸುಳ್ಳು ವಾರಸುದಾರ. ಅಮಾನತು." ಸ್ವಾಗತ ಭಾಷಣಕ್ಕೆ ತಾವೇ ಹೊರಟರು.

ಗುರುಶಾಂತ ತನ್ನ ಬುತ್ತಿ ಡಬ್ಬಿ ಎತ್ತಿಕೊಂಡ. ಒಳಗೆ ಏನೋ ಗಲಗಲ ಅಂದಿತು. ಮುಚ್ಚಳ ತೆಗೆದರೆ, ನಿದ್ದೆಗಣ್ಣಲ್ಲಿ ತೆಗೆದಿಟ್ಟ ಅವನ ಹಲ್ಲುಗಳು ಉಳಿದ ರೊಟ್ಟಿ ಚೂರನ್ನು ಕಚ್ಚಿಕೊಂಡು ನಗುತ್ತಿದ್ದವು.

ಪಂಡರಿ ಮುಚ್ಚಳ ಒತ್ತಿದ. "ಮುಟ್ಟಬ್ಯಾಡ್ರಿ ಸಾಹೇಬ್ರ, ಇದನ್ನೂ ಲಕೋಟೆಗೆ ಹಾಕ್ತೀನಿ. ಒಬ್ಬರಿಗೆ ಎರಡು ಸೆಟ್ ಹಲ್ಲ ಹ್ಯಾಂಗ ಇರ್ತಾವ್ರಿ?"